ಕೊನೆಗೆ ಹಾಕಿದ್ದು ಮೊದಲು ನಡೆಯುತ್ತದೆ

17 ನವೆಂಬರ್ 2024, ಭಾನುವಾರ

ಮೊದಲು ಹಾಕಿದ ಕಾರ್ಡ್ ಮೊದಲು ನಡೆಯಬೇಕು ಎಂದು ಯಾರಿಗಾದರೂ ಅನಿಸುತ್ತದೆ. ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾರ್ಡ್ ಆಟದಲ್ಲಿ ಲೆಕ್ಕ ತಿರುಗುಮುರುಗು. ಮಧ್ಯಾಹ್ನ ಅಕ್ಕನ ಮಗನ ಜೊತೆ ಆಡಲು ಕುಳಿತಾಗ ಮಾತೆಲ್ಲ ಇದರ ಸುತ್ತಲೇ ನಡೆಯಿತು. ಅವನ ಪ್ರಶ್ನೆಗಳು ಹರಿತವಾಗಿದ್ದವು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತೇನೆ.

ನನ್ನ ಕಡೆ ಗ್ರಿಜ್ಲಿ ಬೇರ್ಸ್ ಎಂಬ ಕರಡಿಯ ಕಾರ್ಡ್ ಇತ್ತು: ಬಲ 2, ತಾಳಿಕೆ 2, ಅಂದರೆ 2 ಪೆಟ್ಟು ಬಿದ್ದರೆ ಸಾಯುತ್ತದೆ. ಅವನು ಅದರ ಮೇಲೆ ಲೈಟ್ನಿಂಗ್ ಬೋಲ್ಟ್ ಎಂಬ ಸಿಡಿಲಿನ ಮಂತ್ರ ಹಾಕಿದ. ಅದರದು 3 ಪೆಟ್ಟು. ನಾನು ಅದಕ್ಕೆ ಉತ್ತರವಾಗಿ ಜೈಂಟ್ ಗ್ರೋತ್ ಹಾಕಿದೆ. ಆ ಸರದಿ ಮುಗಿಯುವವರೆಗೆ ಕರಡಿಗೆ ಬಲವೂ ತಾಳಿಕೆಯೂ ತಲಾ 3 ಹೆಚ್ಚುತ್ತವೆ.

“ಮಾವ, ನನ್ನ ಸಿಡಿಲು ಮೊದಲು ಬಿದ್ದದ್ದಲ್ಲವೇ? ಕರಡಿ ಆಗಲೇ ಸತ್ತಿರಬೇಕು” ಎಂದ.

ಬಿದ್ದಿಲ್ಲ. ಮಂತ್ರ ಹಾಕಿದ ಕೂಡಲೇ ಅದು ಫಲಿಸುವುದಿಲ್ಲ, ಸ್ಟ್ಯಾಕ್ ಎಂಬ ಕಾಯುವ ಜಾಗಕ್ಕೆ ಹೋಗುತ್ತದೆ. ಆಮೇಲೆ ಆಟಗಾರರಿಗೆ ಒಬ್ಬೊಬ್ಬರಾಗಿ ಅವಕಾಶ ಸಿಗುತ್ತದೆ. ಅದನ್ನು ಪ್ರಯಾರಿಟಿ ಎನ್ನುತ್ತಾರೆ. ಯಾರಾದರೂ ಇನ್ನೊಂದು ಮಂತ್ರ ಹಾಕಿದರೆ ಅದು ಹಳೆಯದರ ಮೇಲೆ ಕೂರುತ್ತದೆ. ಎಲ್ಲರೂ ಸಾಲಾಗಿ ‘ಏನೂ ಇಲ್ಲ’ ಎಂದಾಗ ತೀರಾ ಮೇಲಿರುವುದು ಮಾತ್ರ ನಡೆಯುತ್ತದೆ. ಹಾಗಾಗಿ ಮೊದಲು ಕರಡಿ 5ಕ್ಕೆ 5 ಆಯಿತು, ಆಮೇಲೆ ಸಿಡಿಲು 3 ಪೆಟ್ಟು ಕೊಟ್ಟಿತು, ಕರಡಿ ಉಳಿಯಿತು.

ಅವನು ಸುಮ್ಮನಾಗಲಿಲ್ಲ. “ಸರದಿ ಮುಗಿದಾಗ ಅದು ಮತ್ತೆ 2ಕ್ಕೆ 2 ಆಗುತ್ತದೆ. ಮೈಮೇಲೆ 3 ಪೆಟ್ಟು ಇದೆ. ಆಗ ಸಾಯುತ್ತದಲ್ಲ?” ಎಂದು ಕೇಳಿದ. ಈ ಪ್ರಶ್ನೆ ಕೇಳಿ ನಿಜಕ್ಕೂ ಖುಷಿಯಾಯಿತು. ನಿಯಮ ಬರೆದವರು ಇದನ್ನೂ ಯೋಚಿಸಿದ್ದಾರೆ. ಸರದಿಯ ಕೊನೆಯ ಘಟ್ಟದಲ್ಲಿ ಪೆಟ್ಟು ಮಾಯುವುದು, ಸರದಿ ಮುಗಿಯುವವರೆಗಿನ ಬಲ ಇಳಿಯುವುದು ಎರಡೂ ಒಂದೇ ಕ್ಷಣದಲ್ಲಿ ಆಗುತ್ತವೆ. ನಡುವೆ ಸಾಯಲು ಎಡೆಯೇ ಇಲ್ಲ.

ಇದನ್ನೇ ತಿರುವಿ ಹಾಕಿ ತೋರಿಸಿದೆ. ನಾನೇ ಮೊದಲು ಜೈಂಟ್ ಗ್ರೋತ್ ಹಾಕಿ, ಅವನು ಉತ್ತರವಾಗಿ ಸಿಡಿಲು ಹಾಕಿದರೆ ಕರಡಿ 2ಕ್ಕೆ 2 ಇದ್ದಾಗಲೇ ಪೆಟ್ಟು ತಿಂದು ಸಾಯುತ್ತದೆ. ಗ್ರೋತ್‌ಗೆ ಗುರಿಯೇ ಇಲ್ಲದಂತಾಗಿ ವ್ಯರ್ಥವಾಗುತ್ತದೆ. ಸಾವು ಸ್ಟ್ಯಾಕ್‌ಗೆ ಬರುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಯಾರಿಗಾದರೂ ಪ್ರಯಾರಿಟಿ ಕೊಡುವ ಮೊದಲು ಆಟವೇ ಒಮ್ಮೆ ಮೈದಾನ ನೋಡಿ, ತಾಳಿಕೆಯಷ್ಟು ಅಥವಾ ಅದಕ್ಕಿಂತ ಹೆಚ್ಚು ಪೆಟ್ಟು ತಿಂದವುಗಳನ್ನು ತೆಗೆದುಹಾಕುತ್ತದೆ. ಅದಕ್ಕೆ ಉತ್ತರ ಕೊಡಲು ಬರುವುದಿಲ್ಲ. ಲ್ಯಾಂಡ್ ಎಂಬ ನೆಲದ ಕಾರ್ಡ್ ಇಡುವುದು, ಅದರಿಂದ ಮಾನಾ, ಅಂದರೆ ಮಂತ್ರ ಹಾಕಲು ಬೇಕಾದ ಶಕ್ತಿ, ಪಡೆಯುವುದೂ ಹಾಗೆಯೇ.

ದಿನದ ದೊಡ್ಡ ಜಗಳ ಆಬ್ಲಿವಿಯನ್ ರಿಂಗ್‌ನದು. 2007ರ ಲಾರ್ವಿನ್ ಸೆಟ್‌ನಲ್ಲಿ ಬಂದ ಕಾರ್ಡ್. ಅದರಲ್ಲಿ ತಾವಾಗಿಯೇ ನಡೆಯುವ ಎರಡು ಬೇರೆ ಬೇರೆ ಪರಿಣಾಮಗಳು, ಅಂದರೆ ಟ್ರಿಗರ್‌ಗಳಿವೆ: ಮೈದಾನಕ್ಕೆ ಬಂದಾಗ ಅಲ್ಲಿರುವ, ಲ್ಯಾಂಡ್ ಅಲ್ಲದ ಬೇರೊಂದು ಕಾರ್ಡನ್ನು ಗಡೀಪಾರು ಮಾಡುತ್ತದೆ, ರಿಂಗ್ ಮೈದಾನ ಬಿಟ್ಟಾಗ ಆ ಕಾರ್ಡ್ ಮರಳುತ್ತದೆ. ನಾನು ರಿಂಗ್ ಇಳಿಸಿ ಅವನ ಡ್ರ್ಯಾಗನ್‌ಗೆ ಗುರಿಯಿಟ್ಟೆ. ಅವನು ತಕ್ಷಣ ಡಿಸೆನ್ಚ್ಯಾಂಟ್ ಹಾಕಿ ರಿಂಗನ್ನೇ ಒಡೆದ, ಡ್ರ್ಯಾಗನ್ ಉಳಿಯಿತೆಂದು ನಕ್ಕ.

ಉಳಿಯಲಿಲ್ಲ. ರಿಂಗ್ ಹೋದರೂ ಅದು ಬಂದಾಗ ಹುಟ್ಟಿದ ಟ್ರಿಗರ್ ಸ್ಟ್ಯಾಕ್‌ನಲ್ಲಿ ಹಾಗೆಯೇ ಇರುತ್ತದೆ. ಹೋದಾಗಿನ ಟ್ರಿಗರ್ ಅದರ ಮೇಲೆ ಕೂತು ಮೊದಲು ನಡೆಯುತ್ತದೆ. ಆಗ ಮರಳಿಸಲು ಏನೂ ಇಲ್ಲ, ಇನ್ನೂ ಏನನ್ನೂ ಗಡೀಪಾರು ಮಾಡಿಲ್ಲವಲ್ಲ. ಅದು ಬರಿದೇ ಮುಗಿದ ಮೇಲೆ ಹಳೆಯದು ನಡೆದು ಡ್ರ್ಯಾಗನ್ ಹೊರಟಿತು. ಇನ್ನು ಅದನ್ನು ಕರೆತರುವ ರಿಂಗ್ ಮೈದಾನದಲ್ಲೇ ಇಲ್ಲ. ಅವನು ಒಂದು ನಿಮಿಷ ತಾಳಿ, ಡ್ರ್ಯಾಗನ್ ಹೋಗಲು ಬಿಟ್ಟು, ಆಮೇಲೆ ರಿಂಗ್ ಒಡೆದಿದ್ದರೆ ಅದು ಮರಳಿ ಬರುತ್ತಿತ್ತು. ಮುಖ ಸಣ್ಣದು ಮಾಡಿಕೊಂಡ, ಆದರೆ ಕಾರ್ಡನ್ನು ಮತ್ತೆ ಮತ್ತೆ ಓದಿ ಒಪ್ಪಿಕೊಂಡ.

ಈ ಸಂದನ್ನು ಬೇಕೆಂದೇ ಬಳಸುವವರೂ ಇದ್ದಾರೆ: ತಮ್ಮ ರಿಂಗನ್ನು ತಾವೇ ಒಡೆದು ಎದುರಾಳಿಯ ಕಾರ್ಡನ್ನು ಶಾಶ್ವತವಾಗಿ ಅಟ್ಟುತ್ತಾರೆ. 2014ರ ಬ್ಯಾನಿಶಿಂಗ್ ಲೈಟ್ ಅದೇ ಕೆಲಸವನ್ನು ಒಂದೇ ಟ್ರಿಗರ್‌ನಲ್ಲಿ ಮಾಡುತ್ತದೆ. ‘ಇದು ಮೈದಾನ ಬಿಡುವವರೆಗೆ’ ಗಡೀಪಾರು ಎಂದು ಬರೆದಿರುವುದರಿಂದ, ಅದು ಮೊದಲೇ ಹೋದರೆ ಗಡೀಪಾರೇ ಇಲ್ಲ. ಹೊಸಬರಿಗೆ ಅದು ಮೇಲು. ನನಗೆ ಹಳೆಯ ರಿಂಗ್ ಮೇಲೆಯೇ ಪ್ರೀತಿ. ಸ್ಟ್ಯಾಕ್ ಕೆಲಸ ಮಾಡುವ ಬಗೆ ಅಷ್ಟು ಬಿಚ್ಚಿಟ್ಟ ಹಾಗೆ ಬೇರೆ ಕಾರ್ಡ್‌ನಲ್ಲಿ ಕಂಡಿಲ್ಲ.

ಆಟ ಬಂದದ್ದು 1993ರಲ್ಲಿ, ಈಗಿನ ಸ್ಟ್ಯಾಕ್ ಬಂದದ್ದು 1999ರ ಆರನೆಯ ಆವೃತ್ತಿಯ ನಿಯಮಗಳೊಂದಿಗೆ. ಆಗಿನಿಂದ 2009ರವರೆಗೆ ಕಾಳಗದ ಪೆಟ್ಟೂ ಸ್ಟ್ಯಾಕ್‌ನಲ್ಲಿ ಕಾಯುತ್ತಿತ್ತು. ಮಾಗ್ ಫೆನ್ಯಾಟಿಕ್ ಎಂಬ ಪುಟ್ಟ ಗಾಬ್ಲಿನ್ ತನ್ನ ಪೆಟ್ಟನ್ನು ಅಲ್ಲಿ ಬಿಟ್ಟು, ಬಲಿಯಾಗಿ ಇನ್ನೊಂದು ಪೆಟ್ಟೂ ಕೊಡುತ್ತಿತ್ತು. ಮ್ಯಾಜಿಕ್ 2010 ಸೆಟ್‌ನೊಂದಿಗೆ ಅದನ್ನು ನಿಲ್ಲಿಸಿದರು. ಸರಿಯಾದ ತೀರ್ಮಾನವೇ. ಸತ್ತವನು ಹೊಡೆಯುವುದನ್ನು ಹೊಸಬರಿಗೆ ಒಪ್ಪಿಸುವುದು ಕಷ್ಟ.

ಅವನು ಶಾಲೆಯ ಗೆಳೆಯರ ಜೊತೆ ಆಡುವ ಯು-ಗಿ-ಓಹ್‌ನಲ್ಲೂ ಕೊನೆಯದೇ ಮೊದಲು. ಆದರೆ ಆ ಕಾರ್ಡ್ ಆಟದಲ್ಲಿ ಚೈನ್, ಅಂದರೆ ಅಲ್ಲಿನ ಸ್ಟ್ಯಾಕ್, ಬಿಚ್ಚಲು ಶುರುವಾದರೆ ಪೂರ್ತಿ ಮುಗಿಯುವವರೆಗೆ ಯಾರೂ ನಡುವೆ ಹೊಸದನ್ನು ಸೇರಿಸುವಂತಿಲ್ಲ. ಮ್ಯಾಜಿಕ್‌ನಲ್ಲಿ ಒಂದೊಂದು ನಡೆದ ಮೇಲೂ ಮತ್ತೆ ಎಲ್ಲರನ್ನೂ ಕೇಳಬೇಕು. ನನಗೆ ಈ ಆಟ ಹಿಡಿಸಿದ್ದೇ ಇದರಿಂದ. ಎದುರು ಕುಳಿತವರನ್ನು ಕೇಳದೆ ಮಂತ್ರ ಫಲಿಸುವುದಿಲ್ಲ. ಅವಸರದ ಆಟಗಾರರು ಈ ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ನನಗದು ಸಹಿಸುವುದಿಲ್ಲ.

ಮುಂದಿನ ವಾರ ಗೆಳೆಯರಿಬ್ಬರನ್ನು ಕರೆತರುತ್ತಾನಂತೆ, ನಾಲ್ವರ ಆಟ. ಹಲವರ ಟ್ರಿಗರ್‌ಗಳು ಒಟ್ಟಿಗೆ ಬಂದರೆ ಯಾರ ಸರದಿಯೋ ಅವರದು ಮೊದಲು ಸ್ಟ್ಯಾಕ್ ಸೇರುತ್ತದೆ, ಉಳಿದವರದು ಸಾಲಿನ ಪ್ರಕಾರ ಅದರ ಮೇಲೆ. ಅಂದರೆ ಯಾರ ಸರದಿಯೋ ಅವರದು ಎಲ್ಲರಿಗಿಂತ ಕೊನೆಗೆ ನಡೆಯುತ್ತದೆ ಎಂದು ಹೇಳಿದೆ. “ಹಾಗಾದರೆ ನನ್ನ ಸರದಿಯಲ್ಲಿ ನನಗೇ ನಷ್ಟವೇ?” ಎಂದ. ಕೆಲವೊಮ್ಮೆ ಕೊನೆಗೆ ನಡೆಯುವುದೇ ಲಾಭ. ಯಾವಾಗ ಎಂಬುದನ್ನು ನಾಲ್ಕು ಡೆಕ್ ಹರಡಿಕೊಂಡೇ ತೋರಿಸಬೇಕು.