ಕೇಶವನ ನಾಲ್ಕು ಕೈ: ಬೇಲೂರು, ಹಳೇಬೀಡಿಗೆ ನಾವಾಗಿ ಹೊರಡುವಾಗ

ಕೇಶವಾಯ ಸ್ವಾಹಾ, ನಾರಾಯಣಾಯ ಸ್ವಾಹಾ, ಮಾಧವಾಯ ಸ್ವಾಹಾ. ಉದ್ಧರಣೆಯಲ್ಲಿ ನೀರು ತೆಗೆದುಕೊಂಡು ಮೂರು ಸಲ ಆಚಮನ ಮಾಡಿ, ಗೋವಿಂದನಿಂದ ಮುಂದೆ ಕೃಷ್ಣನವರೆಗೆ ಹೇಳಿ ಮುಗಿಸಿದರೆ ಇಪ್ಪತ್ತನಾಲ್ಕು ಹೆಸರು. ಹಿರಿಯರು ಇದನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಕೇಳುತ್ತ ಕೂತ ಮಕ್ಕಳಿಗೆ ಅದು ಬರೀ ನಾದ. ಆದರೆ ಬೇಲೂರು, ಹಳೇಬೀಡು, ಸೋಮನಾಥಪುರದ ಗೋಡೆಗಳ ಮುಂದೆ ನಿಂತಾಗ ಆ ನಾದಕ್ಕೇ ಆಕಾರ ಬರುತ್ತದೆ. ಶಂಖ, ಚಕ್ರ, ಗದೆ, ಪದ್ಮ, ಈ ನಾಲ್ಕನ್ನು ನಾಲ್ಕು ಕೈಗಳಲ್ಲಿ ಇಪ್ಪತ್ತನಾಲ್ಕು ಬಗೆಯಲ್ಲಿ ಇಡಬಹುದು. ಒಂದೊಂದು ಬಗೆಗೂ ಒಂದೊಂದು ಹೆಸರು.

ಆದ್ದರಿಂದ ಗೈಡ್ ಇಲ್ಲದೆ ಹೊರಡುವವರು ಮೊದಲು ಮಾಡಬೇಕಾದ ತಯಾರಿ ಇದು. ಒಂದು ಹಾಳೆಯಲ್ಲಿ ಇಪ್ಪತ್ತನಾಲ್ಕು ಹೆಸರು ಬರೆದು, ಪಕ್ಕದಲ್ಲಿ ಆಯುಧಗಳ ಕ್ರಮ ಬರೆದುಕೊಳ್ಳಿ. ಎಣಿಸುವುದು ದೇವರ ಬಲಗೈಯಿಂದ, ನಮ್ಮ ಬಲಗೈಯಿಂದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ದೇವರ ಕೆಳಗಿನ ಬಲಗೈ, ಮೇಲಿನ ಬಲಗೈ, ಮೇಲಿನ ಎಡಗೈ, ಕೆಳಗಿನ ಎಡಗೈ, ಇದು ಕ್ರಮ. ಪದ್ಮ, ಶಂಖ, ಚಕ್ರ, ಗದೆ ಎಂದು ಬಂದರೆ ಕೇಶವ. ಶಂಖ, ಪದ್ಮ, ಗದೆ, ಚಕ್ರ ಎಂದರೆ ನಾರಾಯಣ. ಗದೆ, ಚಕ್ರ, ಶಂಖ, ಪದ್ಮವಾದರೆ ಮಾಧವ. ಕೆಲವು ಹೆಸರುಗಳ ಕ್ರಮ ಗ್ರಂಥದಿಂದ ಗ್ರಂಥಕ್ಕೆ ಬದಲಾಗುತ್ತದೆ. ಹಾಗಾಗಿ ಎರಡು ಪಟ್ಟಿ ಬೆರೆಸದೆ ಒಂದನ್ನೇ ಹಿಡಿದುಕೊಂಡು ಹೋಗಿ.

ಇನ್ನು ದಿನ. ದೇವಸ್ಥಾನಕ್ಕೆಂದರೆ ನಮಗೆ ಶುಕ್ರವಾರವೇ ನೆನಪಾಗುವುದು. ಆದರೆ ಹಳೇಬೀಡಿನ ಪುರಾತತ್ವ ಇಲಾಖೆಯ ಮ್ಯೂಸಿಯಮ್ಮಿಗೆ ಶುಕ್ರವಾರವೇ ರಜೆ. ಈ ಯಾತ್ರೆಯ ಅರ್ಧ ಫಲ ಇರುವುದು ಆ ಮ್ಯೂಸಿಯಮ್ಮಿನಲ್ಲಿ ಎನ್ನುವುದು ನನ್ನ ನಂಬಿಕೆ, ಆದ್ದರಿಂದ ಶುಕ್ರವಾರ ಬೇಡ. ಭಾನುವಾರದ ನೂಕುನುಗ್ಗಲಿನಲ್ಲಿ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪವಾದ ನವರಂಗದೊಳಗೆ ಒಂದು ಕ್ಷಣ ನಿಲ್ಲಲೂ ಆಗುವುದಿಲ್ಲ, ಅದೂ ಬೇಡ. ಪಂಚಾಂಗ ತೆಗೆದು ಗ್ರಹಣ ಇದೆಯೇ ನೋಡಿಕೊಳ್ಳಿ, ಇದ್ದರೆ ಬಾಗಿಲು ಮುಚ್ಚಿರುತ್ತದೆ. ಚೈತ್ರದ ರಥೋತ್ಸವಕ್ಕೂ ವೈಕುಂಠ ಏಕಾದಶಿಗೂ ಖಂಡಿತ ಹೋಗಿ, ಆದರೆ ಅಂದು ಶಿಲ್ಪ ನೋಡುವ ಆಸೆ ಬಿಟ್ಟು ಸ್ವಾಮಿಯನ್ನಷ್ಟೇ ನೋಡಿ ಬನ್ನಿ. ಎರಡೂ ಆಗಬೇಕಾದರೆ ಕಾರ್ತಿಕದಿಂದ ಮಾಘದವರೆಗಿನ ಯಾವುದಾದರೂ ಮಂಗಳವಾರ ಅಥವಾ ಬುಧವಾರ ಒಳ್ಳೆಯದು.

ಹಾಸನದಿಂದ ಬೇಲೂರು ಸುಮಾರು 40 ಕಿ.ಮೀ., ಬೇಲೂರಿನಿಂದ ಹಳೇಬೀಡು 16, ಹಳೇಬೀಡಿನಿಂದ ಮರಳಿ ಹಾಸನ ಸುಮಾರು 30. ಬಸ್ಸಿನಲ್ಲೇ ಸುತ್ತಬಹುದಾದ ತ್ರಿಕೋನ ಇದು. ಆದರೆ ಅದೇ ದಿನ ಶ್ರವಣಬೆಳಗೊಳವನ್ನೂ ಮುಗಿಸಿಬಿಡೋಣ ಎನ್ನುವವರ ಮಾತು ಕೇಳಬೇಡಿ. ವಿಂಧ್ಯಗಿರಿಯ ಮೆಟ್ಟಿಲು ಹತ್ತಿದ ಕಾಲಿಗೆ ಹಳೇಬೀಡಿನ ಗೋಡೆ ಸುತ್ತುವ ತ್ರಾಣ ಉಳಿಯುವುದಿಲ್ಲ. ಕೊನೆಗೆ ಮೂರು ಕಡೆಯ ದೇವರಿಗೂ ಕಾರಿನ ಕಿಟಕಿಯಿಂದಲೇ ಕೈ ಮುಗಿದಂತಾಗುತ್ತದೆ.

ಬೇಲೂರೇ ಮೊದಲಾಗಬೇಕು, ಏಕೆಂದರೆ ಅಲ್ಲಿ ದೇವರು ದಿನಚರಿಯಲ್ಲಿದ್ದಾನೆ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ವಿಜಯನಾರಾಯಣನೆಂದು ಪ್ರತಿಷ್ಠಾಪಿಸಿದ ಚೆನ್ನಕೇಶವ ಸ್ವಾಮಿಗೆ ಇಂದಿಗೂ ಪೂಜೆ, ನೈವೇದ್ಯ, ಅಲಂಕಾರ ನಡೆದುಕೊಂಡು ಬಂದಿವೆ. ಒಂಬತ್ತು ಶತಮಾನ! ಮಧ್ಯಾಹ್ನ ತಲುಪಿದರೆ ಗರ್ಭಗುಡಿಯ ಬಾಗಿಲು ಹಾಕಿರುತ್ತದೆ, ಬೆಳಿಗ್ಗೆಯೂ ನೈವೇದ್ಯದ ಹೊತ್ತಿಗೆ ತೆರೆ ಬೀಳುತ್ತದೆ. ಏಳಕ್ಕೆ ಹಾಸನ ಬಿಟ್ಟರೆ ಎಂಟರ ಸುಮಾರಿಗೆ ಮಹಾದ್ವಾರದ ಮುಂದಿರುತ್ತೀರಿ. ದ್ವಾರ ದಾಟಿದ ಕೂಡಲೇ ಮದನಿಕೆಯರ ಫೋಟೋ ತೆಗೆಯಲು ನಿಲ್ಲಬೇಡಿ, ನೇರವಾಗಿ ಒಳಗೆ ನಡೆಯಿರಿ. ಸೂರಿನ ಕೆಳಗಿನ ಮೂವತ್ತೆಂಟು ಮದನಿಕೆಯರು ಎಲ್ಲಿಗೂ ಹೋಗುವುದಿಲ್ಲ, ತೆರೆ ಮಾತ್ರ ಯಾವಾಗ ಬೀಳುತ್ತದೋ ತಿಳಿಯದು. ಈಗ ಎಷ್ಟೋ ಜನ ದರ್ಪಣಸುಂದರಿಯ ಮುಂದೆ ಅರ್ಧ ಗಂಟೆ ನಿಂತು, ಸಾಲು ಉದ್ದವಿದೆಯೆಂದು ಸ್ವಾಮಿಯನ್ನು ನೋಡದೆಯೇ ಹೊರಟುಬಿಡುತ್ತಾರೆ. ಇದು ನೋವಿನ ಸಂಗತಿ. ಯಾರ ಸೇವೆಗಾಗಿ ಆ ಮದನಿಕೆಯರು ನಿಂತಿದ್ದಾರೋ ಅವನನ್ನೇ ಮರೆತಂತೆ.

ಒಳಗೆ ಕತ್ತಲೆ. ಕಣ್ಣು ಹೊಂದಿಕೊಳ್ಳಲು ಎರಡು ಮೂರು ನಿಮಿಷ ಬೇಕು, ಅಷ್ಟು ಹೊತ್ತು ನರಸಿಂಹ ಕಂಬದ ಹತ್ತಿರ ಸುಮ್ಮನೆ ನಿಲ್ಲಿ. ದರ್ಶನದಲ್ಲಿ ದೇವರ ಕೆಳಗಿನ ಎರಡು ಕೈಗಳು ವಸ್ತ್ರ, ಹೂವಿನಲ್ಲಿ ಮುಚ್ಚಿರಬಹುದು, ಮೇಲಿನ ಎರಡನ್ನು ಗಮನಿಸಿ. ತಿರುಪತಿ ಶ್ರೀನಿವಾಸನನ್ನು ಕಂಡ ಕಣ್ಣು ಬಲಕ್ಕೆ ಚಕ್ರ, ಎಡಕ್ಕೆ ಶಂಖ ಎಂದು ಎಣಿಸಿರುತ್ತದೆ. ಶಾಸ್ತ್ರದ ಕೇಶವನಲ್ಲಿ ಅದು ಅದಲುಬದಲು. ತೀರ್ಥ ತೆಗೆದುಕೊಂಡ ಮೇಲೆ ನವರಂಗದ ನಡುವೆ ನಿಂತು ತಲೆ ಎತ್ತಿ. ಅಲ್ಲಿ ಇನ್ನೂ ನಾಲ್ಕು ಮದನಿಕೆಯರಿದ್ದಾರೆ, ಒಟ್ಟು ನಲವತ್ತೆರಡು. ಒಂದು ಚಿಕ್ಕ ಟಾರ್ಚ್ ಇರಲಿ, ಆದರೆ ಅದರ ಬೆಳಕು ಗರ್ಭಗುಡಿಯತ್ತ ಹರಿಯದಿರಲಿ.

ಇನ್ನು ಪ್ರದಕ್ಷಿಣೆ. ಈ ಗುಡಿಯಲ್ಲಿ ಗರ್ಭಗೃಹದ ಸುತ್ತ ಒಳದಾರಿ ಇಲ್ಲ, ಗುಡಿ ನಿಂತಿರುವ ಎತ್ತರದ ಕಲ್ಲುಕಟ್ಟೆ, ಅಂದರೆ ಹೊರಗಿನ ಜಗತಿಯೇ ಪ್ರದಕ್ಷಿಣಾಪಥ. ಅದಕ್ಕೇ ಅದು ನಕ್ಷತ್ರದಂತೆ ಮೂಲೆಮೂಲೆಯಾಗಿ ಗೋಡೆಯನ್ನು ಅನುಸರಿಸುತ್ತದೆ. ಅದನ್ನು ಸುತ್ತಬೇಕಾದದ್ದು ಬರಿಗಾಲಿನಲ್ಲಿ. ಬೆಳಗಿನ ಒಂಬತ್ತರೊಳಗೆ ಆ ಕಲ್ಲಿಗೆ ಬೇರೆಯದೇ ಗುಣ. ಪೂರ್ವದ ಬಾಗಿಲ ಹತ್ತಿರ ಎಳೆಬಿಸಿಲಿನ ಹಿತವಾದ ಬಿಸಿ, ದಕ್ಷಿಣಕ್ಕೆ ತಿರುಗಿದರೆ ಅರ್ಧ ನೆರಳು ಅರ್ಧ ಬಿಸಿಲು, ಪಶ್ಚಿಮಕ್ಕೆ ಬಂದಾಗ ರಾತ್ರಿಯ ತಂಪು ಇನ್ನೂ ಬಿಟ್ಟಿರುವುದಿಲ್ಲ, ಅಂಗಾಲಿನಿಂದ ಮೊಣಕಾಲವರೆಗೆ ಏರುತ್ತದೆ. ಉತ್ತರದಲ್ಲಿ ಆ ತಂಪಿನಲ್ಲೇ ನಡೆದು, ಮತ್ತೆ ಪೂರ್ವಕ್ಕೆ ಬಂದರೆ ಬಿಸಿ. ಕಣ್ಣು ಮುಚ್ಚಿದ್ದರೂ ಯಾವ ದಿಕ್ಕಿನಲ್ಲಿದ್ದೇವೆಂದು ಕಾಲು ಹೇಳುತ್ತದೆ. ಕೆಲವು ಕಡೆ ಜನರು ನಡೆದು ನಡೆದು ಕಲ್ಲು ನಡುವೆ ಸ್ವಲ್ಪ ತಗ್ಗಾಗಿದೆ, ಅಲ್ಲಿ ಹೆಜ್ಜೆ ತಾನೇ ಕೂರುತ್ತದೆ. ಹೆಸರು ಉಳಿಯದ ಎಷ್ಟು ಭಕ್ತರ ಪಾದಗಳು ಸೇರಿ ಆ ತಗ್ಗು ಮಾಡಿದವೋ! ಅವರ ಪಾದದ ಜಾಗದಲ್ಲೇ ನಮ್ಮ ಪಾದ. ಇದಕ್ಕಿಂತ ದೊಡ್ಡ ತೀರ್ಥ ಬೇಕೆನಿಸುವುದಿಲ್ಲ. ಹನ್ನೊಂದರ ಮೇಲೆ ಅದೇ ಕಲ್ಲು ಸುಡುತ್ತದೆ, ದಪ್ಪ ಹತ್ತಿಯ ಕಾಲುಚೀಲವಿದ್ದರೆ ಅಡ್ಡಿಯಿಲ್ಲ. ನೈಲಾನಿನದು ಬೇಡ, ನಯವಾದ ಕಲ್ಲಿನ ಮೇಲೆ ಜಾರುತ್ತದೆ. ಮಳೆಗಾಲದಲ್ಲಿ ಮಾತ್ರ ಬರಿಗಾಲೇ ಭದ್ರ.

ಮೊದಲ ಸುತ್ತು ನಾಮಸ್ಮರಣೆಗೆ, ಎರಡನೆಯದು ಶಿಲ್ಪಕ್ಕೆ. ಎರಡನ್ನೂ ಒಂದರಲ್ಲೇ ಮುಗಿಸಹೊರಟರೆ ಎರಡೂ ಅರೆಬರೆ. ಎರಡನೆಯ ಸುತ್ತಿನಲ್ಲಿ ವಿಗ್ರಹಗಳ ಪೀಠ ನೋಡಿ, ಕೆಲವಲ್ಲಿ ಶಿಲ್ಪಿಯ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಜಕಣಾಚಾರಿಯ ಕಥೆ ನಮ್ಮ ಜನರ ಪ್ರೀತಿಯ ಕಥೆ, ಕಲ್ಲಿನಲ್ಲಿ ಸಿಗುವುದು ಈ ಹೆಸರುಗಳು. ಬಳಿಕ ಜಗತಿಯಿಂದಿಳಿದು ದಕ್ಷಿಣಕ್ಕೆ ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿ, ಹಿಂಬದಿಯಲ್ಲಿ ಸೌಮ್ಯನಾಯಕಿ, ವೀರನಾರಾಯಣ, ಆಂಡಾಳ್. ಅಮ್ಮನವರ ಸನ್ನಿಧಿಗೆ ಹೋಗದೆ ಬರುವವರೇ ಹೆಚ್ಚು, ನೀವು ಹಾಗೆ ಮಾಡಬೇಡಿ.

ಹನ್ನೊಂದಕ್ಕೆ ಬೇಲೂರು ಬಿಟ್ಟರೆ ಹಳೇಬೀಡಿನಲ್ಲಿ ನಡುಮಧ್ಯಾಹ್ನ. ಆಗ ಹೊಯ್ಸಳೇಶ್ವರನ ಜಗತಿ ಹತ್ತಬೇಡಿ. ಮೊದಲು ಊಟ, ಆಮೇಲೆ ಅದೇ ಆವರಣದ ಮ್ಯೂಸಿಯಂ, ನಂತರ ಬಸ್ತಿಹಳ್ಳಿಯ ಬಸದಿಗಳು. ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ, ನೆಲ ಮಧ್ಯಾಹ್ನವೂ ತಂಪು. ಮೂರೂವರೆಯ ಮೇಲೆ ಶಿವನ ಸನ್ನಿಧಿಗೆ ಬನ್ನಿ. ಜೋಡಿ ಗುಡಿ, ಹೊಯ್ಸಳೇಶ್ವರ ಮತ್ತು ಶಾಂತಲೇಶ್ವರ, ಎದುರಿಗೆ ಎರಡು ನಂದಿ. ಗೋಡೆಯನ್ನು ಕೆಳಗಿನಿಂದ ಓದಬೇಕು. ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣ ಕಥೆಗಳು, ಮಕರ, ಹಂಸ. ಕಥೆಗಳಿಂದಲೇ ಶುರುಮಾಡಿದವರು ಕೆಳಗಿನ ಸಾಲುಗಳನ್ನು ನೋಡುವುದೇ ಇಲ್ಲ. ಒಂದಾನೆಯಂತೆ ಇನ್ನೊಂದು ಇಲ್ಲ ಎಂಬುದು ಕೂತು ನೋಡಿದವರಿಗಷ್ಟೇ ತಿಳಿಯುತ್ತದೆ.

ಬೆಳವಾಡಿಯ ವೀರನಾರಾಯಣನನ್ನೂ ಕಾಣಬೇಕೆಂದರೆ ಹಳೇಬೀಡಿನಿಂದ ಜಾವಗಲ್ ರಸ್ತೆಯಲ್ಲಿ ಸುಮಾರು 12 ಕಿ.ಮೀ. ಹಳ್ಳಿಯ ಗುಡಿ, ಮಧ್ಯಾಹ್ನ ಅರ್ಚಕರು ಮನೆಗೆ ಹೋಗಿರುವ ಸಂಭವ ಹೆಚ್ಚು. ಹಾಗಾಗಿ ಅದನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಸೋಮನಾಥಪುರ ಮೈಸೂರಿನ ಕಡೆ, ಅದು ಬೇರೆಯೇ ಪ್ರಯಾಣ. ಅಲ್ಲಿ ಪೂಜೆ ಇಲ್ಲ, ಮೂಲ ಕೇಶವ ಮೂರ್ತಿಯೂ ಉಳಿದಿಲ್ಲ. ಜನಾರ್ದನ, ವೇಣುಗೋಪಾಲ ಉಳಿದಿದ್ದಾರೆ.

ಮ್ಯೂಸಿಯಮ್ಮಿನ ಮಾತನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರನ ದಂಡು ಹೊಯ್ಸಳರ ರಾಜಧಾನಿಯಾಗಿದ್ದ ಈ ದೋರಸಮುದ್ರಕ್ಕೆ ಬಂದಿತು, ಆಮೇಲೆ ಊರೇ ಹಾಳಾಯಿತು, ಅದಕ್ಕೇ ಹಳೇ ಬೀಡು. ಸುತ್ತಲಿನ ಹಾಳುಗುಡಿಗಳಿಂದ ತಂದ ಮೂರ್ತಿಗಳು ಇಲ್ಲಿ ಒಳಗೂ ಬಯಲಲ್ಲೂ ಸಾಲಾಗಿ ನಿಂತಿವೆ. ಕೈ ಮುರಿದದ್ದು, ಮೂಗು ಹೋದದ್ದು, ಸೊಂಟದಿಂದ ಕೆಳಗೆ ಇಲ್ಲದ್ದು. ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದೆಂದು ಆಗಮ ಹೇಳುತ್ತದೆ. ಹಾಗಾಗಿ ಹೂವು, ಕುಂಕುಮ, ಕಾಸು ಇಡುವಂತಿಲ್ಲ, ಮುಟ್ಟಿ ಕಣ್ಣಿಗೊತ್ತಿಕೊಳ್ಳುವಂತೆಯೂ ಇಲ್ಲ. ಇದು ಕಾವಲಿನವರ ನಿಯಮ ಮಾತ್ರವಲ್ಲ, ಕಲ್ಲಿನ ಸ್ವಭಾವವೂ ಹೌದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಲಿಯುತ್ತದೆ. ಅದಕ್ಕೇ ಸರದ ಮಣಿಯ ನಡುವಿನ ಸಂದಿಯನ್ನೂ ಕೊರೆಯಲು ಸಾಧ್ಯವಾಯಿತು. ಆ ಕೂದಲೆಳೆಯ ಸಂದಿಗಳಲ್ಲಿ ಎಣ್ಣೆ, ಕುಂಕುಮ ಒಮ್ಮೆ ಕೂತರೆ ಮತ್ತೆ ಬಿಡಿಸುವುದು ಕಷ್ಟ.

ಹಾಗಾದರೆ ಭಕ್ತರು ಅಲ್ಲಿ ಮಾಡುವುದೇನು? ಬರೆದುಕೊಂಡು ಹೋದ ಹಾಳೆ ತೆಗೆಯಿರಿ. ನಿಂತ ವಿಷ್ಣುಮೂರ್ತಿಯ ಮುಂದೆ ನಿಂತು ಕೈಗಳನ್ನು ಎಣಿಸಿ. ಒಂದು ಕೈ ಮುರಿದಿದ್ದರೆ ಚಿಂತೆಯಿಲ್ಲ, ಉಳಿದ ಮೂರು ಆಯುಧ ನೋಡಿದರೆ ಕಳೆದದ್ದು ಯಾವುದೆಂದು ತಿಳಿಯುತ್ತದೆ, ಹೆಸರು ಪೂರ್ತಿ ಸಿಗುತ್ತದೆ. ಎರಡು ಹೋಗಿದ್ದರೆ ಎರಡು ಹೆಸರು ಸಾಧ್ಯ. ಮೂರು ಹೋಗಿದ್ದರೆ ಆರು. ನಾಲ್ಕೂ ಇಲ್ಲದವನಿಗೆ ಇಪ್ಪತ್ತನಾಲ್ಕೂ ಸಲ್ಲುತ್ತವೆ, ಒಂದು ಆಚಮನದಷ್ಟು ಹೊತ್ತು ಅವನ ಮುಂದೆ ನಿಲ್ಲಿ. ಕೆಳಗಿನ ಬಲಗೈಯಲ್ಲಿ ಪದ್ಮ, ಮೇಲಿನ ಬಲಗೈಯಲ್ಲಿ ಶಂಖ ಇದ್ದು ಎಡಗಡೆಯ ಎರಡು ಕೈಗಳೂ ಮುರಿದಿದ್ದರೆ, ಅವನು ಕೇಶವ, ಇಲ್ಲವೇ ದಾಮೋದರ. ಇಪ್ಪತ್ತನಾಲ್ಕರಲ್ಲಿ ಮೊದಲ ಹನ್ನೆರಡಾದ ದ್ವಾದಶನಾಮದ ಮೊದಲನೆಯವನು, ಇಲ್ಲವೇ ಕೊನೆಯವನು. ಎರಡು ಹೆಸರನ್ನೂ ಹೇಳಿ ಮುಂದಿನ ಮೂರ್ತಿಗೆ ಹೋಗಿ.