ಕ್ಷೌರದ ಕತ್ತಿ: ಮೊದಲು ಬೆನ್ನಿನ ಲೆಕ್ಕ

ಆರ್ಡರ್ ಕೊಟ್ಟವರ ಅಳತೆಗೆ ತಕ್ಕಂತೆ ಕೈಯಲ್ಲೇ ಕ್ಷೌರದ ಕತ್ತಿ ಮಾಡಿಕೊಡುವುದು ನನ್ನ ಕೆಲಸ. ಸೆಲೂನಿನಲ್ಲಿ ಬ್ಲೇಡ್ ಬದಲಿಸುತ್ತಾರಲ್ಲ, ಆ ಥರದ್ದಲ್ಲ. ಉಕ್ಕಿನ ಅಲಗು ಹಿಡಿಯೊಳಗೆ ಮಡಚಿಕೊಳ್ಳುವ ಹಳೇ ಬಗೆಯದು.

ಬಂದವರು ಮೊದಲು ಹಿಡಿಯ ಮಾತೆತ್ತುತ್ತಾರೆ. ಬೀಟೆ ಮರವೋ, ಕೋಣದ ಕೊಂಬೋ? ನಾನು ಮೊದಲು ಕೇಳುವುದು ಅಲಗಿನ ಅಗಲ. ಅದು ತಿಳಿದರೆ ಬೆನ್ನು, ಅಂದರೆ ಹರಿತವಾದ ಬಾಯಿಯ ಎದುರಿನ ದಪ್ಪ ಅಂಚು, ಎಷ್ಟು ದಪ್ಪ ಬೇಕು ಅನ್ನುವುದೂ ತಿಳಿಯುತ್ತದೆ.

ಅಡುಗೆಮನೆಯ ಚಾಕು ಮಸೆಯುವಾಗ ಎಷ್ಟು ಓರೆ ಹಿಡಿಯಬೇಕು ಅನ್ನುವುದನ್ನು ಕೈ ನೋಡಿಕೊಳ್ಳುತ್ತದೆ. ಕ್ಷೌರದ ಕತ್ತಿಯನ್ನು ಸಾಣೆಕಲ್ಲಿನ ಮೇಲೆ ಪೂರ್ತಿ ಮಲಗಿಸುತ್ತೇವೆ. ಬೆನ್ನೂ ಬಾಯಿಯೂ ಒಟ್ಟಿಗೇ ಕಲ್ಲಿಗೆ ತಾಗುತ್ತವೆ. ಅಂದರೆ ಬಾಯಿಯ ಕೋನವನ್ನು ನಾನು ಕತ್ತಿ ಮಾಡುವಾಗಲೇ ಅದರೊಳಗೆ ಇಟ್ಟಿರಬೇಕು. ಮಸೆದಂತೆ ಬಾಯಿ ಸವೆಯುತ್ತದೆ, ಜೊತೆಗೆ ಬೆನ್ನೂ ಸವೆಯುತ್ತದೆ, ಕೋನ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಇದನ್ನು ಮೊದಲು ಯೋಚಿಸಿದವರ ಬುದ್ಧಿಗೆ ಕೈ ಮುಗಿಯಬೇಕು ಅನಿಸುತ್ತದೆ.

ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುವುದು ರೂಢಿ. 6/8 ಅಂದರೆ ಸುಮಾರು 19 ಮಿ.ಮೀ. ಅದಕ್ಕೆ ಬೆನ್ನು 5.4 ಮಿ.ಮೀ. ಇಟ್ಟರೆ ಕೋನ 16 ಡಿಗ್ರಿಯ ಆಸುಪಾಸು ಬರುತ್ತದೆ, ಚೆನ್ನಾಗಿ ಬೋಳಿಸುತ್ತದೆ. ಈಗ ಒಬ್ಬರು 8/8 ಬೇಕು ಅಂದರು, ಕೈಯಲ್ಲಿರುವುದು 5 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ ಅಂದುಕೊಳ್ಳಿ. ಕೋನ 11 ಡಿಗ್ರಿಗೆ ಇಳಿಯುತ್ತದೆ. ಅಷ್ಟು ತೆಳುವಾದ ಬಾಯಿ ಗಡ್ಡಕ್ಕೆ ನಿಲ್ಲುವುದಿಲ್ಲ, ಚೂರು ಚೂರಾಗಿ ಉದುರುತ್ತದೆ. ಬೆನ್ನಿಗೆ ಟೇಪ್ ಅಂಟಿಸಿ ಮಸೆದರೆ ಕೋನ ಸ್ವಲ್ಪ ಏರುತ್ತದೆ ನಿಜ. ಆದರೆ ಹೊಸ ಕತ್ತಿಯನ್ನು ಟೇಪ್ ನಂಬಿಕೊಂಡು ಮಾಡಬಾರದು. 7 ಮಿ.ಮೀ. ಪಟ್ಟಿ ತರಿಸಲೇಬೇಕು.

ಪಕ್ಕಗಳನ್ನು ಒಳಗೆ ತೋಡಿದ, ಜರ್ಮನಿಯ ಜೋಲಿಂಗೆನ್ ಊರಿನ ಶೈಲಿಯ ಅಲಗೇ ಜಾಸ್ತಿ ಹರಿತ ಅಂತ ಹಲವರು ನಂಬಿದ್ದಾರೆ. ಹಾಗೇನಿಲ್ಲ. ತೋಡುವುದರಿಂದ ಕೋನ ಬದಲಾಗುವುದಿಲ್ಲ. ಬಾಯಿಯ ಹತ್ತಿರ ಉಕ್ಕು ಕಡಿಮೆ ಇರುವುದರಿಂದ ಮಸೆಯುವುದು ಸುಲಭವಾಗುತ್ತದೆ, ಅಷ್ಟೇ. ಇಂಗ್ಲೆಂಡಿನ ಶೆಫೀಲ್ಡಿನ ಹಳೇ ದಪ್ಪ ಕತ್ತಿಗಳೂ ಸೊಗಸಾಗಿ ಬೋಳಿಸುತ್ತವೆ.

ಹದ ಹಾಕುವ ಮೊದಲು ಬಾಯಿಯನ್ನು ಪೂರ್ತಿ ತೆಳು ಮಾಡುವುದಿಲ್ಲ. ಒಂದು ಮಿ.ಮೀ.ನಷ್ಟು ದಪ್ಪ ಬಿಡುತ್ತೇನೆ, ಇಲ್ಲವಾದರೆ ಎಣ್ಣೆಗೆ ಅದ್ದಿದಾಗ ಸೊಟ್ಟಗಾಗುತ್ತದೆ. ನಾನು ಬಳಸುವ ಓ-1 ಅನ್ನುವ ಬಗೆಯ ಉಕ್ಕನ್ನು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಆಮೇಲೆ 200 ಡಿಗ್ರಿಯಲ್ಲಿ ಮತ್ತೆ ಕಾಯಿಸಬೇಕು. ಉಳಿದ ದಪ್ಪವನ್ನು ಆಮೇಲೆ ಬರಿಗೈಯಲ್ಲಿ ಹಿಡಿದು ಉಜ್ಜುವ ಯಂತ್ರದ ಬೆಲ್ಟಿಗೆ ಕೊಡುತ್ತೇನೆ. ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ. ಬಾಯಿ ನೀಲಿಯಾಯಿತೋ, ಅಲ್ಲಿ ಗಡಸು ಹೋಯಿತು. ಪಾಲಿಶ್ ಮಾಡಿ ಬಣ್ಣ ತೆಗೆಯಬಹುದು, ಗಡಸು ವಾಪಸ್ ಬರುವುದಿಲ್ಲ.

ಈಗ ಪ್ರತಿ ಆರ್ಡರಿಗೂ ಅಗಲ, ಬೆನ್ನು, ಕೋನ ಮೂರನ್ನೂ ಬರೆದ ಚಿತ್ರ ಕಳಿಸುತ್ತೇನೆ. ಅವರು ಒಪ್ಪಿದ ಮೇಲೆಯೇ ಉಕ್ಕು ಕತ್ತರಿಸುವುದು. ಮೊದಲ ಸಲ ಕೊಳ್ಳುವವರಿಗೆ 5/8 ಅಥವಾ 6/8 ಸಾಕು ಅನ್ನುತ್ತೇನೆ. 8/8 ಅಲಗು ನೋಡಲು ಗತ್ತಾಗಿರುತ್ತದೆ, ಆದರೆ ಮೂಗಿನ ಕೆಳಗೆ ಆಡಿಸುವುದು ಕಷ್ಟ.