ನಾನು ಇಸ್ತ್ರಿ ಹೊಡೆದ ಬಯಲು

ಮೂರು ವರ್ಷ ಆಯ್ತು, ಈಗ್ಲೂ ಆ ಡೆಮೊ ನೆನಪಾದ್ರೆ ಕಿವಿ ಬಿಸಿ ಆಗತ್ತೆ.

ಆಗ ಬೆಂಗ್ಳೂರಿನ ಒಂದು ಸಣ್ಣ ಗೇಮ್ ಸ್ಟುಡಿಯೋದಲ್ಲಿ ಲೆವೆಲ್ ಡಿಸೈನರ್ ಆಗಿದ್ದೆ, ಪ್ರಾಜೆಕ್ಟ್ ಫ್ಲೈಟ್ ಸಿಮ್, ಅಂದ್ರೆ ವಿಮಾನ ಹಾರಿಸೋ ಗೇಮ್, ನನ್ ತಲೆಗೆ ಕಟ್ಟಿದ್ದು ಎರಡನೇ ಮಹಾಯುದ್ಧದ ಒಂದು ರಾತ್ರಿ, 1944ರ ಮಾರ್ಚ್ 5. ಅಸ್ಸಾಮಿನ ಲಾಲಾಘಾಟ್‌ನಿಂದ ಬ್ರಿಟಿಷ್ ಜನರಲ್ ವಿಂಗೇಟ್‌ನ ಚಿಂಡಿಟ್ ಸೈನಿಕರನ್ನ (ಜಪಾನೀಯರ ಬೆನ್ನ ಹಿಂದೆ ನುಗ್ಗಿ ಹೋರಾಡೋ ಪಡೆ) ವಾಕೋ ಗ್ಲೈಡರ್‌ಗಳಲ್ಲಿ ತುಂಬಿ, ಒಂದೊಂದು ಡಕೋಟಾ ವಿಮಾನದ ಹಿಂದೆ ಎರಡೆರಡು ಕಟ್ಟಿ, ಬೆಟ್ಟ ದಾಟಿಸಿ, ಬರ್ಮಾದ ಕಾಡಿನ ನಡುವೆ 'ಬ್ರಾಡ್‌ವೇ' ಅಂತ ಹೆಸರಿಟ್ಟಿದ್ದ ಬಯಲಲ್ಲಿ ಇಳಿಸ್ಬೇಕು. ಹಗ್ಗ ಬಿಟ್ಟ ಮೇಲೆ ಇಳಿಯೋಕೆ ಒಂದೇ ಚಾನ್ಸ್. ಗೇಮ್ ಟೆಸ್ಟ್ ಮಾಡೋ ಕ್ಯೂಎ ಹುಡುಗ ಹಾಕಿದ ಮೊದಲ್ನೇ ಟಿಕೆಟ್ (ಟೂಲಲ್ಲಿ ಹಾಕೋ ಕೆಲ್ಸದ ಚೀಟಿ): 'ಥ್ರಾಟಲ್ ಕೆಲ್ಸ ಮಾಡ್ತಿಲ್ಲ, ಪ್ರಯಾರಿಟಿ ಹೈ.' ಅಪ್ಪಾ, ಇಂಜಿನ್ನೇ ಇಲ್ವಲ್ಲೋ.

ಡೆಮೊ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ನೋಡ್ತೀನಿ, ಇಳಿದ ಗ್ಲೈಡರೆಲ್ಲಾ ಚಕ್ರ ಕಿತ್ಕೊಂಡು ಪಲ್ಟಿ. ಹುಲ್ಲಿನ ಲೇಯರ್ ಆಫ್ ಮಾಡಿದ್ರೆ ಟೆರೇನ್ ಮೆಶ್, ಅಂದ್ರೆ ಗೇಮಿನ ನೆಲದ ತುಂಬಾ ಉದ್ದುದ್ದ ಗೀರು. ಟೆರೇನ್ ಮಾಡಿದ ಹುಡುಗಿ ಊರಿಗೆ ಹೋಗಿದ್ಲು. ಒಂದು ಫೋನ್ ಮಾಡ್ಬಹುದಿತ್ತು, ಮಾಡ್ಲಿಲ್ಲ. ಸ್ಮೂತ್ ಬ್ರಷ್ ತಗೊಂಡು ಇಡೀ ಬಯಲಿಗೆ ಇಸ್ತ್ರಿ ಹೊಡ್ದೆ, ಮೇನ್ ಗೇಮಿಗೆ ಮರ್ಜ್ ಮಾಡ್ದೆ, ಮನೆಗೆ ಹೋಗಿ ಮಲ್ಕೊಂಡೆ.

ಬೆಳಗ್ಗೆ ಕ್ಲೈಂಟ್ ಜೊತೆ ಏರ್‌ಫೋರ್ಸ್‌ನಿಂದ ರಿಟೈರ್ ಆದ ಸರ್ ಒಬ್ರು ಬಂದಿದ್ರು. ಒಂದಾದ ಮೇಲೊಂದು ಗ್ಲೈಡರು ಬೆಣ್ಣೆ ಮೇಲೆ ಜಾರಿದ ಹಾಗೆ ಇಳೀತು. ಮ್ಯಾನೇಜರ್ ಮುಖ ಅರಳಿತ್ತು. ಸರ್ ಮಾತ್ರ ಕೈ ಕಟ್ಕೊಂಡು ಸುಮ್ನೆ ಕೂತಿದ್ರು. ನಾಲ್ಕು ಇಳೀತು, ಐದು, ಆರು... "ದಿಮ್ಮಿ ಎಳೆದ ಜಾಡು ಎಲ್ಲಪ್ಪಾ?" ಅಂದ್ರು.

ನಾನು ಎದೆ ಉಬ್ಬಿಸ್ಕೊಂಡು, "ಅದು ಮೆಶ್ ಎರರ್ ಸರ್, ನಿನ್ನೆ ರಾತ್ರಿ ನಾನೇ ಫಿಕ್ಸ್ ಮಾಡ್ದೆ."

ಏಸಿ ಸದ್ದು ಅಷ್ಟು ಜೋರಾಗಿ ಯಾವತ್ತೂ ಕೇಳಿರ್ಲಿಲ್ಲ.

ಆಮೇಲೆ ಅವ್ರೇ ನಿಧಾನಕ್ಕೆ ಹೇಳಿದ್ರು. ಪಿಕಾಡಿಲಿ ಅನ್ನೋ ಇನ್ನೊಂದು ಬಯಲಲ್ಲಿ ದಿಮ್ಮಿ ಅಡ್ಡ ಬಿದ್ದಿರೋದು ಹೊರಡೋ ಸ್ವಲ್ಪ ಮುಂಚೆ ಫೋಟೋದಲ್ಲಿ ಗೊತ್ತಾಗಿ ಎಲ್ರನ್ನೂ ಬ್ರಾಡ್‌ವೇಗೆ ತಿರುಗಿಸಿದ್ರು. ಬ್ರಾಡ್‌ವೇಲಿ ತೇಗದ ದಿಮ್ಮಿ ಎಳೆದು ಬಿದ್ದಿದ್ದ ಜಾಡು ಹುಲ್ಲಲ್ಲಿ ಮುಚ್ಚಿತ್ತು, ಮೇಲಿಂದ ನೋಡಿದ್ರೆ ಸಪಾಟು. ಮೊದ್ಲು ಇಳಿದವು ಅದಕ್ಕೆ ಸಿಕ್ಕಿ ಚಕ್ರ ಮುರ್ಕೊಂಡು ಅಲ್ಲೇ ಕೂತ್ವು, ಅದನ್ನ ಪಕ್ಕಕ್ಕೆ ಎಳೆಯೋಷ್ಟ್ರಲ್ಲಿ ಹಿಂದಿನವು ಕತ್ತಲಲ್ಲಿ ಬಂದು ಅವಕ್ಕೇ ಗುದ್ದಿದ್ವು, ಇನ್ನೊಂದು ಸುತ್ತು ಹಾಕ್ಕೊಂಡು ಬರೋಣ ಅನ್ನೋ ಹಾಗೂ ಇಲ್ಲ. ಸುಮಾರು 30 ಜನ ಹೋದ್ರು. ಹೊರಟಿದ್ದು 60ಕ್ಕೂ ಹೆಚ್ಚು ಗ್ಲೈಡರು, ಹಗ್ಗ ಕಿತ್ತು ಅಲ್ಲಲ್ಲಿ ಬಿದ್ದಿದ್ದು ಬಿಟ್ರೆ ಬ್ರಾಡ್‌ವೇ ಮುಟ್ಟಿದ್ದು ಹೆಚ್ಚುಕಮ್ಮಿ ಅರ್ಧ.

ನಾನು ಮಾಡಿದ್ದನ್ನ ರಿವರ್ಟ್ ಮಾಡಿ ಹಳೇ ನೆಲ ವಾಪಸ್ ತರೋಕೆ ಎರಡು ನಿಮಿಷ. ಆ ಹುಡುಗಿ ಟಿಕೆಟ್‌ನ ರೆಫರೆನ್ಸ್ ಕಾಲಮ್ಮಲ್ಲಿ ಎಲ್ಲಾ ಬರೆದೇ ಇಟ್ಟಿದ್ಲು, ಆದ್ರೆ ನಮ್ ಟೂಲಲ್ಲಿ ಅದನ್ನ ನೋಡ್ಬೇಕು ಅಂದ್ರೆ ಮೂರು ಕ್ಲಿಕ್, ಮ್ಯಾನೇಜ್‌ಮೆಂಟ್‌ಗೆ ಬೇಕಾಗಿರೋದು ಕ್ಲೋಸ್ ಆದ ಟಿಕೆಟ್ ಲೆಕ್ಕ ಮಾತ್ರ. ನೋಡ್ದೇ ಇದ್ದಿದ್ದು ನಾನೇ ಬಿಡಿ. ಬೇರೆಯವ್ರ ಕೆಲ್ಸಕ್ಕೆ ಕೈ ಹಾಕೋ ಮುಂಚೆ ಒಂದು ಫೋನ್ ಹಾಕ್ರಪ್ಪಾ.

ಆ ರಾತ್ರಿ ಬ್ರಾಡ್‌ವೇಯಿಂದ 'ಇನ್ನು ಕಳಿಸ್ಬೇಡಿ' ಅನ್ನೋಕೆ ಹೋದ ಕೋಡ್ ವರ್ಡ್ 'ಸೋಯಾ ಲಿಂಕ್', ಸೈನಿಕರಿಗೆ ಕಂಡ್ರಾಗದ ಸೋಯಾ ಸಾಸೇಜ್ ಹೆಸ್ರು. ಈಗ ಬಿಲ್ಡ್ ಒಡೆದ್ರೆ, ಅಂದ್ರೆ ಗೇಮ್ ಓಡದೇ ಕೈಕೊಟ್ರೆ, ನಮ್ ಗ್ರೂಪಲ್ಲಿ ಅದನ್ನೇ ಟೈಪ್ ಮಾಡ್ತೀವಿ. ಮ್ಯಾನೇಜರ್ ಇನ್ನೂ ಕ್ಯಾಂಟೀನ್ ಮೆನು ಅಂದ್ಕೊಂಡಿದಾರೆ.